ಎಲ್‌ಎ (ಲಾಸ್ ಏಂಜಲೀಸ್) ದಾರೀಲಿ ಸಾಲ್ವಾಂಗ್: ಎರಡು ಗಂಟೆ ನಿಲ್ಲಿಸಿದ್ರೆ ಹೊತ್ತು ದಂಡವಾ? (ಅಪ್ಪ ಅಮ್ಮ ಜೊತೆಗಿದ್ದಾರೆ)

ಬೆಣ್ಣೆದೋಸೆ_ಫ್ರೀಮಾಂಟ್ · ಮಂಗಳವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಿಂದ ಅಪ್ಪ ಅಮ್ಮ ಬಂದು ಒಂದೂವರೆ ತಿಂಗಳಾಯ್ತು. ಇಲ್ಲೀವರೆಗೆ ಅವರು ನೋಡಿರೋದು ಕಾಸ್ಟ್‌ಕೋ, ಲಿವರ್‌ಮೋರ್ ದೇವಸ್ಥಾನ, ಮನೆ ಹಿಂದಿನ ಪಾರ್ಕು, ಮತ್ತೆ ಕಾಸ್ಟ್‌ಕೋ. ನನಗೇ ನಾಚಿಕೆ ಆಗಿ ಈ ಶುಕ್ರವಾರ ರಜೆ ಹಾಕಿದ್ದೀನಿ.

ಪ್ಲ್ಯಾನ್ ಇಷ್ಟು. ಶುಕ್ರವಾರ ಬೆಳಿಗ್ಗೆ ಹೊರಟು ಮಾಂಟೆರೆ, ಬಿಗ್ ಸರ್, ಹೈವೇ 1 ಹಿಡಿದು ರಾತ್ರಿಗೆ ಪಿಸ್ಮೋ ಬೀಚ್. ಶನಿವಾರ ಅಲ್ಲಿಂದ ಎಲ್‌ಎ. ಹೋಗ್ತಾ ಕ್ಯಾಲಬಾಸಸ್‌ನಲ್ಲಿರೋ ಮಾಲಿಬು ವೆಂಕಟೇಶ್ವರನ ದರ್ಶನ ಆಗಲೇಬೇಕು ಅಂತ ಅಮ್ಮನ ಹಟ. ಮಧ್ಯೆ ಸಾಲ್ವಾಂಗ್ ಅಂತ ಒಂದು ಡ್ಯಾನಿಶ್ ಊರಿದೆ, ತಪ್ಪಿಸಬೇಡ ಅಂತ ಆಫೀಸಿನವರು ಹೇಳ್ತಾರೆ. ಅಪ್ಪನಿಗೆ ಹೇಳಿದೆ. "ಡೆನ್ಮಾರ್ಕ್ ನೋಡೋಕೆ ಡೆನ್ಮಾರ್ಕಿಗೆ ಹೋಗ್ಬೇಕಪ್ಪ, ಕ್ಯಾಲಿಫೋರ್ನಿಯಾಕ್ಕಲ್ಲ" ಅಂದ್ರು. ಮೂವತ್ತು ವರ್ಷ ಹೈಸ್ಕೂಲಲ್ಲಿ ಭೂಗೋಳ ಪಾಠ ಮಾಡಿದವರು, ಅವರ ಹತ್ರ ವಾದ ಮಾಡೋಕಾಗಲ್ಲ.

ಅಪ್ಪನಿಗೆ ಮಂಡಿನೋವು. ಅಮ್ಮನಿಗೆ ತಿರುವಿನ ರಸ್ತೆ ಆಗಲ್ಲ, ಮೊಟ್ಟೆ ಮುಟ್ಟಲ್ಲ. ಹೋಗಿಬಂದವರು ಹೇಳಿ.

ಸ್ಟೇರಿಂಗ್_ಸುಬ್ಬು · ಮಂಗಳವಾರ ರಾತ್ರಿ

ನಿಲ್ಲಿಸಿ ಗುರುವೇ, ದಂಡ ಏನಿಲ್ಲ. ಪಿಸ್ಮೋದಿಂದ ಹೈವೇ 101ರಲ್ಲಿ ದಕ್ಷಿಣಕ್ಕೆ ಒಂದು ಗಂಟೆ ಒಳಗೆ ಬ್ಯೂಲ್ಟನ್. ಅಲ್ಲಿ ಹೈವೇ 246ಕ್ಕೆ ಇಳಿದು ಎಡಕ್ಕೆ ಮೂರು-ನಾಲ್ಕು ಮೈಲಿ. ಊರು ಅಂಗೈಯಷ್ಟಗಲ, ಸಮತಟ್ಟು, ಮಂಡಿನೋವಿನವರಿಗೆ ತೊಂದರೆ ಇಲ್ಲ. ನಾ ಹೋದಾಗ ಪಾರ್ಕಿಂಗಿಗೆ ದುಡ್ಡು ಕೇಳಲಿಲ್ಲ. ಹತ್ತು ಗಂಟೆಗೆ ಮುಂಚೆ ಸೇರ್ಕೊಳ್ಳಿ, ಆಮೇಲೆ ಬಸ್ಸುಗಳು ಬಂದು ಜನ ಇಳಿಸ್ತವೆ.

ದಾರೀಲಿ ಉಷ್ಟ್ರಪಕ್ಷಿ ಫಾರ್ಮ್ ಇದೆ. ಬಟ್ಟಲಲ್ಲಿ ಕಾಳು ಕೊಡ್ತಾರೆ, ನೀವು ಹಿಡ್ಕೊಂಡು ನಿಲ್ಲಬೇಕು. ಅವು ಕುಟ್ಟೋ ರಭಸಕ್ಕೆ ನಮ್ಮ ಮಾವ ಬಟ್ಟಲು ಅಲ್ಲೇ ಬಿಟ್ಟು ಓಡಿಬಂದಿದ್ರು.

ಇನ್ನೊಂದು. ಬ್ಯೂಲ್ಟನ್ನಿನ ಬಟಾಣಿ ಸೂಪಿನ ಹೋಟೆಲ್ ಬಗ್ಗೆ ಹಳೇ ವಿಡಿಯೋಗಳಲ್ಲಿ ಬಹಳ ಹೊಗಳಿರ್ತಾರೆ. 1924ರಲ್ಲಿ ಶುರುವಾದ ಹೋಟೆಲ್, 2024ರಲ್ಲಿ ಬಾಗಿಲು ಹಾಕ್ತು. ಅದನ್ನ ನಂಬ್ಕೊಂಡು ಹೊಟ್ಟೆ ಖಾಲಿ ಇಟ್ಕೊಂಡು ಹೋಗಬೇಡಿ.

ಹೈವೇ 1 ಮಾತ್ರ ಹೊರಡೋ ದಿನ ಬೆಳಿಗ್ಗೆ ಕ್ಯಾಲ್ಟ್ರಾನ್ಸ್ (ರಾಜ್ಯದ ರಸ್ತೆ ಇಲಾಖೆ) ನಕ್ಷೆ ನೋಡೇ ಹೊರಡಿ. ಬಿಗ್ ಸರ್‌ನಲ್ಲಿ ಗುಡ್ಡ ಜರಿದು ರಸ್ತೆ ಮುಚ್ಚೋದು ಅಲ್ಲಿ ಮಾಮೂಲು.

ಕಡ್ಡಿಮುರುಕ · ಮಂಗಳವಾರ ರಾತ್ರಿ

ನಾನು ಉಲ್ಟಾ ಹೇಳ್ತೀನಿ. ಅದು ಊರಲ್ಲ, ಸೆಟ್ಟು. ಮಾಮೂಲಿ ಅಮೆರಿಕನ್ ಕಟ್ಟಡದ ಮುಖಕ್ಕೆ ಕಂದು ಪಟ್ಟಿ ಹೊಡೆದು, ಮೇಲೊಂದು ಮರದ ಕೊಕ್ಕರೆ ಕೂರಿಸಿದ್ದಾರೆ. ಗಾಳಿಯಂತ್ರಗಳಿವೆ, ಒಂದು ಹಿಡಿ ಹಿಟ್ಟು ಬೀಸಲ್ಲ. ಕೋಪನ್‌ಹೇಗನ್ನಿನ ದುಂಡು ಗೋಪುರದ ನಕಲು ಮೂರನೇ ಒಂದು ಅಳತೇಲಿದೆ. ನಾ ಹೋದಾಗ ಅದರಲ್ಲಿ ಪಿಜ್ಜಾ ಮಾರ್ತಿದ್ರು! ಎರಡು ಗಂಟೇಲಿ ಅರ್ಧ ಗಂಟೆ ಫ್ರಿಜ್ಜಿಗೆ ಅಂಟಿಸೋ ಮ್ಯಾಗ್ನೆಟ್ ಅಂಗಡಿ, ಅರ್ಧ ಗಂಟೆ ಶೌಚಾಲಯದ ಸಾಲು. ಆ ಹೊತ್ತನ್ನ ಸ್ಯಾನ್ ಸಿಮಿಯನ್ ಹತ್ರ ಪಿಯೆದ್ರಾಸ್ ಬ್ಲಾಂಕಾಸ್‌ನಲ್ಲಿ ಆನೆ-ಸೀಲ್‌ಗಳನ್ನ ನೋಡ್ತಾ ಕಳೀರಿ. ಅವಾದ್ರೂ ಒರಿಜಿನಲ್.

ನಂಜನಗೂಡು_ರಸಬಾಳೆ · ಬುಧವಾರ ಬೆಳಿಗ್ಗೆ

ಕಡ್ಡಿಯವರೇ, ಮುಖಕ್ಕೆ ಪಟ್ಟಿ ಹೊಡೆದದ್ದು ನಿಜ, ಆದರೆ ಹೊಡೆದವರು ಯಾರು ಅನ್ನೋದನ್ನೂ ನೋಡಬೇಕು. ಆ ಊರು ಪ್ರವಾಸಿಗರಿಗಾಗಿ ಹುಟ್ಟಿದ್ದಲ್ಲ. ಅಮೆರಿಕದ ನಡುನಾಡಿನ ಚಳಿಗೆ ಬೇಸತ್ತಿದ್ದ ಡ್ಯಾನಿಶ್ ಮೂಲದವರು ಒಂದು ಕಂಪನಿ ಮಾಡಿಕೊಂಡು 1911ರಲ್ಲಿ ಇಲ್ಲಿ ಒಂಬತ್ತು ಸಾವಿರ ಎಕರೆಯಷ್ಟು ಜಮೀನು ಕೊಂಡರು. ಮುಂದೆ ನಿಂತವರು ನೋರ್ಡೆಂಟಾಫ್ಟ್, ಗ್ರೆಗರ್ಸನ್, ಹಾರ್ನ್‌ಸಿಲ್ಡ್ ಅಂತ ಮೂವರು. ಸಾಲ್ವಾಂಗ್ ಅಂದರೆ ಬಿಸಿಲು ಹೊಲ. ಜಮೀನಿನ ಜೊತೆ ಅವರಿಗೆ ಬೇಕಾಗಿದ್ದದ್ದು ಒಂದು ಶಾಲೆ, ಡೆನ್ಮಾರ್ಕಿನಲ್ಲಿದ್ದಂಥ ಜನತಾ ಪ್ರೌಢಶಾಲೆ.

ಈ ಶಾಲೆಯ ಕಲ್ಪನೆ ಗ್ರುಂಡ್ವಿಗ್ ಅನ್ನೋ ಪಾದ್ರಿಯದು. ಅವರು ಕವಿಯೂ ಹೌದು. ರೈತರ ಮಕ್ಕಳು ಬೆಳೆದ ಮೇಲೆ ಕೆಲವು ತಿಂಗಳು ಒಟ್ಟಿಗೆ ಇದ್ದು, ಹಾಡಿ, ಮಾತಾಡಿ, ಚರಿತ್ರೆ ಕಲೀಬೇಕು. ಪರೀಕ್ಷೆ ಗಿರೀಕ್ಷೆ ಇಲ್ಲ. ಮೊದಲನೆಯದು 1844ರಲ್ಲಿ ರೋಡಿಂಗ್ ಅನ್ನೋ ಊರಲ್ಲಿ ಶುರುವಾಯ್ತು. ಸಾಲ್ವಾಂಗ್‌ನವರು 1914ರಲ್ಲಿ ಆಟರ್‌ಡಾಗ್ ಕಾಲೇಜ್ ಅಂತ ಕಟ್ಟಿದರು. ಅದು 1970ರಲ್ಲಿ ನೆಲಸಮ ಆಯ್ತು. ಗಾಳಿಯಂತ್ರ, ಪಟ್ಟಿ ಹೊಡೆದ ಗೋಡೆ ಎಲ್ಲ ಎರಡನೇ ಮಹಾಯುದ್ಧದ ನಂತರದ ಕಥೆ. 1947ರಲ್ಲಿ ದೊಡ್ಡ ಪತ್ರಿಕೆಯೊಂದರಲ್ಲಿ ಊರಿನ ಬಗ್ಗೆ ಲೇಖನ ಬಂತು, ಜನ ನೋಡೋಕೆ ಬರತೊಡಗಿದರು, ಊರಿನವರು ಬಂದವರಿಗೆ ಬೇಕಾದ ವೇಷ ಹಾಕಿದರು. ಅಂದರೆ ಊರು ಕಟ್ಟಿದ ಕಾರಣ ಮಣ್ಣಾಗಿದೆ, ಆಮೇಲೆ ಹಾಕಿದ ವೇಷ ಉಳಿದಿದೆ. ನನಗಂತೂ ಇದು ತಮಾಷೆಗಿಂತ ಹೆಚ್ಚು ಬೇಸರದ ವಿಷಯ.

ಇದನ್ನೆಲ್ಲ ನಾನು ಕೆದಕಿದ್ದು ನಮ್ಮ ತಾತನಿಂದ. ಮೈಸೂರು ಸೀಮೆಯಲ್ಲಿ ವಯಸ್ಕರ ಶಿಕ್ಷಣ ಸಮಿತಿಯವರು ಹಳ್ಳಿ ಹುಡುಗರಿಗಾಗಿ ವಿದ್ಯಾಪೀಠಗಳನ್ನ ನಡೆಸ್ತಿದ್ದರು, ನಂಜನಗೂಡಲ್ಲೂ ಇತ್ತು. ಅದಕ್ಕೆ ಮಾದರಿ ಇದೇ ಡೆನ್ಮಾರ್ಕಿನ ಶಾಲೆ. ತಾತ ಅಲ್ಲಿ ಕೆಲವು ತಿಂಗಳಿದ್ದು ಬಂದವರು. "ಬೆಳಿಗ್ಗೆ ಗುದ್ದಲಿ, ಸಂಜೆ ಭಾಷಣ" ಅಂತಿದ್ದರು.

ಬೆಣ್ಣೆದೋಸೆ_ಫ್ರೀಮಾಂಟ್ · ಬುಧವಾರ ಬೆಳಿಗ್ಗೆ

ಇದನ್ನ ಅಪ್ಪನಿಗೆ ಓದಿ ಹೇಳಿದೆ. "ಸರಿ, ನಿಲ್ಸೋಣ" ಅಂದ್ರು! ಅಮ್ಮ ಮಾತ್ರ "ತಿನ್ನೋಕೆ ಏನ್ ಸಿಗುತ್ತೆ ಕೇಳು" ಅಂತಿದ್ದಾರೆ.

ಧಾರವಾಡದಾಕಿ · ಬುಧವಾರ ಮಧ್ಯಾಹ್ನ

ತಮ್ಮಾ, ಅಮ್ಮಾರಿಗೆ ಹೇಳು, ಅಲ್ಲಿ ಪಡ್ಡು ಸಿಗ್ತಾವ ಅಂತ.

ಚಾಷ್ಟಿ ಅಲ್ಲ ಮತ್ತ. ಹೋದ ವರ್ಷ ನಾವು ಹೋದಾಗ ಒಂದು ಅಂಗಡಿ ಕಿಟಕಿ ಮುಂದ ಮಂದಿ ನಿಂತಿತ್ತು. ಇಣುಕಿ ನೋಡ್ತೀನಿ, ಥೇಟ್ ನಮ್ಮವ್ವನ ಪಡ್ಡಿನ ಹಂಚು! ಕುಳಿ ಕುಳಿ ಇರೋ ಬೀಡಿನ ಹಂಚು, ಅದರಾಗ ಹಿಟ್ಟು ಹೊಯ್ದು ಕಡ್ಡೀಲೆ ತಿರುವ್ಲಿಕ್ಕತ್ತಾರ. ಏಬ್ಲೆಸ್ಕೀವರ್ ಅಂತಾರಂತ. ಮ್ಯಾಲ ರಾಸ್‌ಬೆರಿ ಜಾಮು ಹಾಕಿ, ಸಕ್ರಿ ಪುಡಿ ಉದುರಿಸಿ ಕೊಡ್ತಾರ. ಮೈದಾ ಹಿಟ್ಟು, ಸಿಹಿ. ನಮ್ಮ ಮನಿಯವರು ಶೇಂಗಾ ಚಟ್ನಿ ಎಲ್ಲೈತಿ ಅಂತ ಹುಡುಕ್ಲಿಕ್ಕತ್ತಿದ್ರು.

ಆದ್ರ ಹಿಟ್ಟಿನಾಗ ಮೊಟ್ಟಿ ಇರ್ತೈತಿ. ಅಮ್ಮಾರಿಗೆ ಮೊದಲ ಹೇಳಿಬಿಡು, ತಿಂದ ಮ್ಯಾಲ ಹೇಳಬ್ಯಾಡ.

ಕಡ್ಡಿಮುರುಕ · ಬುಧವಾರ ಮಧ್ಯಾಹ್ನ

ಪಡ್ಡು ಅಲ್ಲ, ಗುಂಡ್ಪೊಂಗ್ಲು.

ಕುಂದಾಪ್ರ_ಮಳೆ · ಬುಧವಾರ ಮಧ್ಯಾಹ್ನ

ಎರಡೂ ಅಲ್ಲ ಮಾರ್ರೆ. ಸಿಹಿ ಅಂದ ಮೇಲೆ ಅದು ಅಪ್ಪವೇ ಸೈ. ಹಲಸಿನ ಹಣ್ಣು ಸೇರಿಸಿದ್ರೆ ಆ ಡ್ಯಾನಿಶರು ಊರು ಬಿಟ್ಟು ನಮ್ಮಲ್ಲಿಗೆ ಬರ್ತಿದ್ರು.

ಧಾರವಾಡದಾಕಿ · ಬುಧವಾರ ಮಧ್ಯಾಹ್ನ

ಪಡ್ಡು. ಮುಗೀತು.

ಆರ್ಹುಸ್_ಅಣ್ಣ · ಬುಧವಾರ ರಾತ್ರಿ

ಡೆನ್ಮಾರ್ಕಿನಿಂದ ಬರೀತಿದ್ದೀನಿ, ಇಲ್ಲಿ ಎಂಟು ವರ್ಷ ಆಯ್ತು. ಎರಡು ವರ್ಷದ ಹಿಂದೆ ತಂಗಿ ಮನೆಗೆ ಸ್ಯಾನ್ ಹೋಸೆಗೆ ಬಂದಾಗ ನನ್ನನ್ನೂ ಸಾಲ್ವಾಂಗ್‌ಗೆ ಕರ್ಕೊಂಡು ಹೋಗಿದ್ರು. ಡೆನ್ಮಾರ್ಕಿಂದ ಬಂದವನಿಗೆ ಡೆನ್ಮಾರ್ಕ್ ತೋರಿಸ್ತೀವಿ ಅಂತ!

ಇಲ್ಲಿ ಈ ತಿಂಡಿ ಡಿಸೆಂಬರ್ ಬಿಟ್ರೆ ಕಾಣೋದು ಅಪರೂಪ. ಕ್ರಿಸ್‌ಮಸ್ ತಿಂಗಳಲ್ಲಿ ಬಿಸಿ ದ್ರಾಕ್ಷಾರಸದ ಜೊತೆ ತಿಂತಾರೆ. ನಿಜ ಹೇಳಬೇಕಂದ್ರೆ ಬಹಳ ಜನ ಸೂಪರ್‌ಮಾರ್ಕೆಟ್ಟಿಂದ ಫ್ರೋಜನ್ ಪ್ಯಾಕೆಟ್ ತಂದು ಓವನ್ನಲ್ಲಿ ಬಿಸಿ ಮಾಡ್ಕೋತಾರೆ. ಕೈಯಲ್ಲಿ ಮಾಡೋದನ್ನ ನಾನು ಅಚ್ಚುಕಟ್ಟಾಗಿ ಕಂಡಿದ್ದು ಪಕ್ಕದ ಮನೆ ಅಜ್ಜಿ ಹತ್ರ. ಹಿಟ್ಟಿಗೆ ಮಜ್ಜಿಗೆ, ಏಲಕ್ಕಿ ಹಾಕ್ತಾರೆ. ಸ್ವೆಟರ್ ಹೆಣೆಯೋ ಕಡ್ಡೀಲಿ ತಿರುಗಿಸ್ತಾರೆ. ಹೆಸರಿನ ಅರ್ಥ ಸೇಬಿನ ಬಿಲ್ಲೆ. ಈಗ ಅದರಲ್ಲಿ ಸೇಬೂ ಇಲ್ಲ, ಬಿಲ್ಲೆ ಆಕಾರವೂ ಇಲ್ಲ. "ಡ್ಯಾನಿಶ್ ಪೇಸ್ಟ್ರಿ" ಅಂತ ಜಗತ್ತೆಲ್ಲ ಕರೆಯೋದನ್ನ ಇಲ್ಲಿಯವರು ವಿಯೆನ್ನಾ ಬ್ರೆಡ್ ಅಂತಾರೆ. ಅದೂ ಪರದೇಶದ್ದೇ.

ಕಡ್ಡಿಯವರು ಹೇಳಿದ ದುಂಡು ಗೋಪುರದ ಅಸಲಿಯನ್ನ 1642ರಲ್ಲಿ ಕಟ್ಟಿ ಮುಗಿಸಿದ್ದು. ಒಳಗೆ ತುದಿಯ ಕೆಲವು ಮೆಟ್ಟಿಲು ಬಿಟ್ರೆ ಉಳಿದದ್ದೆಲ್ಲ ಸುತ್ತು ಸುತ್ತಾಗಿ ಏರೋ ಇಳಿಜಾರು. ರಷ್ಯಾದ ಪೀಟರ್ ದೊರೆ 1716ರಲ್ಲಿ ಕುದುರೆ ಮೇಲೆ ಹತ್ತಿದ್ದ ಅಂತಾರೆ. ಜಲಕನ್ಯೆಯ ಪ್ರತಿಮೆ ಸಾಲ್ವಾಂಗ್‌ನಲ್ಲಿ ಪುಟ್ಟದು ಅಂತ ಯಾರೂ ಬೇಜಾರಾಗಬೇಡಿ, ಕೋಪನ್‌ಹೇಗನ್ನಲ್ಲಿರೋ ಮೂಲವೂ ಒಂದೂಕಾಲು ಮೀಟರ್ ಅಷ್ಟೇ. ಅದನ್ನ ನೋಡಿ "ಇಷ್ಟೇನಾ?" ಅನ್ನದ ಕನ್ನಡಿಗನನ್ನ ನಾನಿನ್ನೂ ಕಂಡಿಲ್ಲ.

ಗಾಳಿಯಂತ್ರದ ಮಾತು ಬಂತಲ್ಲ. ಇವತ್ತು ಡೆನ್ಮಾರ್ಕಿನ ಗಾಳಿಯಂತ್ರ ಅಂದ್ರೆ ಸಮುದ್ರದಲ್ಲಿ ಸಾಲಾಗಿ ನಿಂತಿರೋ ಬಿಳಿ ಟರ್ಬೈನು. ನೆಲದ ಮೇಲಿನವೂ ಸೇರಿ ದೇಶದ ಅರ್ಧದಷ್ಟು ಕರೆಂಟು ಗಾಳಿಯಿಂದಲೇ. ಕಂದು ಪಟ್ಟಿಯ ಹಳೇ ಮನೆಗಳನ್ನ ನೋಡಬೇಕಾದ್ರೆ ರೀಬ ಅನ್ನೋ ಊರಿಗೆ ಬನ್ನಿ, ದೇಶದಲ್ಲೇ ಹಳೇ ಊರು. ಇಲ್ಲಿ ಡೇಸಿ ಹೂವಿನ ಚಿತ್ರದ ಕಂದು ಬೋರ್ಡು ಹಿಡಿದು ಹೋದ್ರೆ ದೇಶವೆಲ್ಲ ಸುತ್ತೋ ಚಂದದ ಒಳದಾರಿ ಇದೆ. 1991ರಲ್ಲಿ ಗುರುತು ಮಾಡಿದ್ದು, ಮೂರೂವರೆ ಸಾವಿರ ಕಿಲೋಮೀಟರಿಗೂ ಮೇಲೆ. ಮುಂದಿನ ಸಲ ಅಪ್ಪನವರನ್ನ ಇಲ್ಲಿಗೇ ಕರ್ಕೊಂಡು ಬನ್ನಿ.

ಆದ್ರೂ ಸಾಲ್ವಾಂಗ್‌ನಲ್ಲಿ ಒಂದು ಕಡೆ ನಾನು ಸುಮ್ಮನೆ ನಿಂತುಬಿಟ್ಟೆ. ಅಲ್ಲಿಯ ಬೆಥಾನಿಯಾ ಚರ್ಚು 1928ರದ್ದು. ಒಳಗೆ ಸೂರಿನಿಂದ ಒಂದು ಪುಟ್ಟ ಹಾಯಿಹಡಗು ತೂಗಿಬಿಟ್ಟಿದ್ದಾರೆ. ಡೆನ್ಮಾರ್ಕಿನ ಹಳ್ಳಿ ಚರ್ಚುಗಳಲ್ಲೂ ಹೀಗೇ ಹಡಗು ತೂಗ್ತಿರುತ್ತೆ, ಸಮುದ್ರಕ್ಕೆ ಹೋದವರ ಹೆಸರಲ್ಲಿ. ಅದನ್ನ ಪ್ರವಾಸಿಗರಿಗೆ ಅಂತ ತೂಗಿದ್ದಲ್ಲ, ನೋಡಿದ್ರೇ ಗೊತ್ತಾಗುತ್ತೆ.

ಕಡ್ಡಿಮುರುಕ · ಗುರುವಾರ ಬೆಳಿಗ್ಗೆ

ಆ ಹಡಗು ನಾನು ನೋಡಿಲ್ಲ. ಪಿಜ್ಜಾ ನೋಡಿ ವಾಪಸ್ ಬಂದೆ.

ಆದ್ರೆ ನನ್ನ ಪ್ರಶ್ನೆ ಹಾಗೇ ಇದೆ. ಡೆನ್ಮಾರ್ಕಿನಲ್ಲೇ ಯಾರೂ ಆ ಲಂಗ, ಏಪ್ರನ್, ಟೋಪಿ ಹಾಕಲ್ಲ. ಇಲ್ಲಿ ಸೆಪ್ಟೆಂಬರಿನ ಡ್ಯಾನಿಶ್ ಡೇಸ್‌ನಲ್ಲಿ ಹಾಕ್ಕೊಂಡು ಕುಣೀತಾರೆ. ಯಾಕೆ?

ಆರ್ಹುಸ್_ಅಣ್ಣ · ಗುರುವಾರ ಬೆಳಿಗ್ಗೆ

ನವೆಂಬರಿನಲ್ಲಿ ನಿಮ್ಮ ಕನ್ನಡ ಕೂಟದ ರಾಜ್ಯೋತ್ಸವಕ್ಕೆ ಮೈಸೂರು ಪೇಟ ಇಟ್ಕೊಂಡು ಹೋಗಲ್ವಾ? ಬೆಂಗಳೂರಲ್ಲಿ ಆಫೀಸಿಗೆ ಯಾರು ಪೇಟ ಇಟ್ಕೊಂಡು ಹೋಗ್ತಾರೆ ಸ್ವಾಮಿ?

ಕಡ್ಡಿಮುರುಕ · ಗುರುವಾರ ಬೆಳಿಗ್ಗೆ

ನನ್ನ ಹತ್ರ ಎರಡಿವೆ. ಮುಂದಿನ ವಿಷಯ.

ಗೊಲೀಟಾ_ಪಿಎಚ್‌ಡಿ · ಗುರುವಾರ ಸಂಜೆ

ನಾನು ಇಲ್ಲೇ ಪಕ್ಕದಲ್ಲಿ ಓದ್ತಿರೋದು, ಹೋದ ಲೆಕ್ಕ ಇಟ್ಟಿಲ್ಲ. ಎರಡು ಮಾತು.

ಒಂದು, ಡ್ಯಾನಿಶ್ ಅಂಗಡಿ ಸಾಲು ಮುಗಿಯೋ ಕಡೆ ಸಾಂತಾ ಇನೆಸ್ ಮಿಶನ್ (ಕ್ರೈಸ್ತ ಮತಪ್ರಚಾರದ ಹಳೇ ಚರ್ಚು-ಮಠ) ಇದೆ, ನಡ್ಕೊಂಡೇ ಹೋಗಬಹುದು. ಕ್ಯಾಲಿಫೋರ್ನಿಯಾದ 21 ಮಿಶನ್‌ಗಳಲ್ಲಿ 19ನೆಯದು, 1804ರಲ್ಲಿ ಸ್ಪೇನಿನ ಪಾದ್ರಿಗಳು ಕಟ್ಟಿಸಿದ್ದು. ದುಡಿದವರು ಈ ಕಣಿವೆಯ ಮೂಲನಿವಾಸಿ ಚುಮಾಶ್ ಜನ. 1824ರ ಫೆಬ್ರವರಿಯಲ್ಲಿ ಒಬ್ಬ ಚುಮಾಶ್‌ನನ್ನ ಸೈನಿಕರು ಚಾಟಿಯಿಂದ ಹೊಡೆದದ್ದೇ ನೆಪವಾಗಿ ಇಲ್ಲಿ ದಂಗೆ ಎದ್ದಿತು. ಲಾ ಪುರಿಸಿಮಾ, ಸಾಂತಾ ಬಾರ್ಬರಾ ಮಿಶನ್‌ಗಳಿಗೂ ಹಬ್ಬಿತು. ಊರಿಗೆ ಬಂದವರು ಮ್ಯಾಗ್ನೆಟ್ ಕೊಂಡು ಹೋಗ್ತಾರೆ, ಇತ್ತ ತಲೆ ಹಾಕೋರು ಕಡಿಮೆ. ಮಿಶನ್ ಹಿಂದೆ ನಿಂತರೆ ಕಣಿವೆ ಪೂರ್ತಿ ಕಾಣುತ್ತೆ, ಓಕ್ ಮರ, ಒಣಹುಲ್ಲಿನ ಗುಡ್ಡ. ಚುಮಾಶ್ ಜನ ಎಲ್ಲೂ ಹೋಗಿಲ್ಲ, ಅದೇ 246ರಲ್ಲಿ ಸ್ವಲ್ಪ ಮುಂದೆ ಅವರ ಮೀಸಲು ಪ್ರದೇಶ ಇದೆ.

ಎರಡು, ಗೂಗಲ್ ನಿಮ್ಮನ್ನ ಹೈವೇ 154ರಲ್ಲಿ ಕಳಿಸೋಕೆ ನೋಡುತ್ತೆ. ಕಚೂಮಾ ಕೆರೆ, ಕೋಲ್ಡ್ ಸ್ಪ್ರಿಂಗ್ ಕಮಾನು ಸೇತುವೆ ಎಲ್ಲ ಚಂದವೇ. ಆದ್ರೆ ಅದು ಘಾಟಿ ರಸ್ತೆ, ಹೋಗೋಕೊಂದು ಬರೋಕೊಂದು ಲೇನು. ಅಮ್ಮ ಇದ್ದಾರೆ ಅಂದ್ರೆ ವಾಪಸ್ ಬ್ಯೂಲ್ಟನ್‌ಗೆ ಬಂದು 101 ಹಿಡೀರಿ. ಗವಿಯೋಟಾ ಕಣಿವೇಲಿ ಬಂಡೆಗಳ ನಡುವೆ ಇಳಿದು ರಸ್ತೆ ಎಡಕ್ಕೆ ಹೊರಳ್ತಿದ್ದ ಹಾಗೇ ಬಲಗಡೆ ಸಮುದ್ರ ಎದ್ದು ನಿಲ್ಲುತ್ತೆ. ಫೋಟೋಗಳಲ್ಲಿ ಬರೋ ಸುರಂಗ ಉತ್ತರಕ್ಕೆ ಹೋಗೋರಿಗೆ ಮಾತ್ರ, ಹೋಗ್ತಾ ಸಿಗಲಿಲ್ಲ ಅಂತ ಹುಡುಕಬೇಡಿ.

ಬೆಣ್ಣೆದೋಸೆ_ಫ್ರೀಮಾಂಟ್ · ಮುಂದಿನ ಮಂಗಳವಾರ ರಾತ್ರಿ

ಹೋಗಿ ಬಂದ್ವಿ. ಒಪ್ಪಿಸಬೇಕಲ್ಲ, ಒಪ್ಪಿಸ್ತೀನಿ.

ಬಿಗ್ ಸರ್‌ನಲ್ಲಿ ಮಂಜು. ಬಿಕ್ಸ್‌ಬಿ ಸೇತುವೆಯ ಅರ್ಧ ಕಂಡಿತು, ಇನ್ನರ್ಧ ನಂಬಿದ್ವಿ. ಅಮ್ಮ ನಿಂಬೆಹಣ್ಣು ಮೂಸ್ತಾ ಕಣ್ಣು ಮುಚ್ಚಿ ಕೂತಿದ್ರು. ಕೊನೆಗೂ ಒಂದು ಕಡೆ ಕಾರು ನಿಲ್ಲಿಸಬೇಕಾಯ್ತು, ಆ ವಿವರ ಬೇಡ. "ಇಷ್ಟು ದುಡ್ಡು ಕೊಟ್ಟು ಆಗುಂಬೆ ಘಾಟಿ ತೋರ್ಸಕ್ಕೆ ಇಲ್ಲಿಗ್ ಕರ್ಕೊಂಡ್ ಬಂದ್ಯಾ" ಅಂದ್ರು. ಹಾಗಾಗಿ ಶನಿವಾರ ಬೆಳಿಗ್ಗೆ 101ರ ನೇರ ರಸ್ತೆ ಸಿಕ್ಕಿ ಅವರ ಮುಖ ಅರಳಿತು. ಒಂಬತ್ತೂವರೆಗೆ ಸಾಲ್ವಾಂಗ್.

ಅಪ್ಪ ಇಳಿದವರೇ ಬೋರ್ಡುಗಳನ್ನ ಓದೋಕೆ ಶುರು ಮಾಡಿದ್ರು. ಕೋಪನ್‌ಹೇಗನ್ ಡ್ರೈವ್ ಅನ್ನೋ ರಸ್ತೆ ಬೋರ್ಡಿನ ಕೆಳಗೆ ನಿಂತು ಫೋಟೋ ತೆಗೆಸ್ಕೊಂಡು, ಊರಿನ ಗೆಳೆಯರ ವಾಟ್ಸಾಪ್ ಗುಂಪಿಗೆ "ಕೋಪನ್‌ಹೇಗನ್ನಿನಿಂದ" ಅಂತ ಹಾಕಿದ್ರು. ಭೂಗೋಳದ ಮೇಷ್ಟ್ರು! ಆಮೇಲೆ ಮಿಶನ್‌ಗೆ ಹೋದ್ವಿ. ಚುಮಾಶ್ ಕಥೆ ಹೇಳಿದೆ. ಅಪ್ಪ ಅಲ್ಲಿನ ಬೆಂಚಿನಲ್ಲಿ ಬಹಳ ಹೊತ್ತು ಕೂತಿದ್ರು. ಮಂಡಿಗಾ, ಮನಸ್ಸಿಗಾ ಗೊತ್ತಾಗಲಿಲ್ಲ, ನಾನೂ ಕೇಳಲಿಲ್ಲ.

ಅಮ್ಮ ಬೇಕರಿಯೊಂದರಲ್ಲಿ ಬೆಣ್ಣೆ ಬಿಸ್ಕತ್ತಿನ ಡಬ್ಬಿ ನೋಡಿ "ಇದು ನಮ್ಮ ಸೂಜಿ-ದಾರದ ಡಬ್ಬಿ ಅಲ್ವಾ" ಅಂದ್ರು. ನಮ್ಮ ಮನೇಲಿ ಆ ಥರದ ನೀಲಿ ಡಬ್ಬಿಯಲ್ಲಿ ಬಿಸ್ಕತ್ತು ಇದ್ದದ್ದನ್ನ ನಾನು ಒಂದೇ ಸಲ ನೋಡಿರೋದು. ಸೂಜಿ, ಗುಂಡಿ, ಹಳೇ ಜಿಪ್ಪು ಇದ್ದದ್ದನ್ನ ಇಪ್ಪತ್ತು ವರ್ಷ ನೋಡಿದ್ದೀನಿ.

ಈಗ ಧಾರವಾಡದ ಅಕ್ಕ ಹೇಳಿದ ಕಿಟಕಿ. ಅಮ್ಮ ಅದರ ಮುಂದೆ ನಲವತ್ತು ನಿಮಿಷ ನಿಂತ್ರು. ಮೊಟ್ಟೆ ಇದೆ ಅಂತ ಮೊದಲೇ ಹೇಳಿದ್ದೆ, ತಿನ್ನೋ ಮಾತೇ ಇರಲಿಲ್ಲ. ಅಪ್ಪ ಪಕ್ಕದಲ್ಲಿ ನಿಂತು ಮೂರು ತಿಂದ್ರು, ಅಮ್ಮ ಅತ್ತ ನೋಡಲೂ ಇಲ್ಲ. ಅವರ ಕಣ್ಣೆಲ್ಲ ಆ ಹುಡುಗಿಯ ಕೈ ಮೇಲೆ. ನಾವು ಪಡ್ಡನ್ನ ಮುಚ್ಚಳ ಮುಚ್ಚಿ ಬೇಯಿಸಿ ಒಂದೇ ಸಲ ಮಗುಚಿ ಹಾಕ್ತೀವಲ್ಲ? ಆ ಹುಡುಗಿ ಹಾಗೆ ಮಾಡ್ತಿರಲಿಲ್ಲ. ತಳ ಸ್ವಲ್ಪ ಗಟ್ಟಿಯಾದ ತಕ್ಷಣ ಕಡ್ಡಿ ಚುಚ್ಚಿ ಕಾಲು ಸುತ್ತು ಎಳೀತಾಳೆ. ಒಳಗಿನ ಹಸಿ ಹಿಟ್ಟು ಕುಳಿಗೆ ಸುರಿದು ಮತ್ತೊಂದು ಪಕ್ಕ ಕಟ್ಟುತ್ತೆ. ಮತ್ತೆ ಕಾಲು ಸುತ್ತು. ಹೀಗೆ ಮೂರು-ನಾಲ್ಕು ಸಲ ಆದ ಮೇಲೆ ಚೆಂಡಿನ ಹಾಗೆ ದುಂಡಗೆ ಬರುತ್ತೆ, ನಮ್ಮದಕ್ಕೆ ಬರೋ ನಡುಪಟ್ಟಿ ಇಲ್ಲವೇ ಇಲ್ಲ. "ನೋಡೋ, ಹಸಿ ಇರ್ವಾಗ್ಲೇ ತಿರುಗಿಸ್ತಾಳೆ, ನಾವ್ ಬೆಂದಾದ್ಮೇಲೆ ತಿರುಗಿಸ್ತೀವಿ" ಅಂತ ಅಮ್ಮ ನನ್ನ ತೋಳು ಹಿಡಿದು ಅಲ್ಲಾಡಿಸಿದ್ರು. ಅಮೆರಿಕಕ್ಕೆ ಬಂದ ಮೇಲೆ ಅವರು ಇಷ್ಟು ಜೋರಾಗಿ ಮಾತಾಡಿದ್ದು ಅದೇ ಮೊದಲು.

ಆ ಹುಡುಗಿ ಗಾಜಿನಾಚೆಯಿಂದ ನಕ್ಕಳು. ಅಮ್ಮ ಕೈಯಲ್ಲೇ ಸನ್ನೆ ಮಾಡಿದ್ರು, ನಾವು ಹೀಗೆ, ನೀವು ಹಾಗೆ. ಅವಳು ಕಡ್ಡಿಯನ್ನ ನಿಧಾನಕ್ಕೆ ಇನ್ನೊಂದು ಸಲ ತೋರಿಸಿದಳು.

ಎರಡು ಗಂಟೆ ಅಂದದ್ದು ಮೂರೂಕಾಲು ಆಯ್ತು. ಗವಿಯೋಟಾದ ಸಮುದ್ರ ನೀವು ಹೇಳಿದ ಹಾಗೇ ಎದ್ದು ನಿಂತಿತು, ಅಮ್ಮ ನೋಡಲಿಲ್ಲ, ತೊಡೆ ಮೇಲೆ ಕಾಗದದಲ್ಲಿ ಸುತ್ತಿದ ಹಂಚು ಇಟ್ಕೊಂಡಿದ್ರು. ಹೌದು, ತಗೊಂಡ್ರು. ಏಳು ಕುಳಿಯ ಬೀಡಿನ ಹಂಚು. ದೇವಸ್ಥಾನಕ್ಕೂ ಕಾರಲ್ಲಿ ಬಿಟ್ಟು ಬರೋಕೆ ಮನಸ್ಸಿರಲಿಲ್ಲ.

ಸ್ಟೇರಿಂಗ್_ಸುಬ್ಬು · ಮುಂದಿನ ಮಂಗಳವಾರ ರಾತ್ರಿ

ಉಷ್ಟ್ರಪಕ್ಷಿ?

ಬೆಣ್ಣೆದೋಸೆ_ಫ್ರೀಮಾಂಟ್ · ಮುಂದಿನ ಮಂಗಳವಾರ ರಾತ್ರಿ

ಅಪ್ಪ ಬಟ್ಟಲು ಬಿಟ್ಟು ಓಡಲಿಲ್ಲ. ನಾನು ಓಡಿದೆ.

ಧಾರವಾಡದಾಕಿ · ಮುಂದಿನ ಬುಧವಾರ

ಹಂಚು ಪಳಗಿತೇನು? ಪಡ್ಡು ಎದ್ದು ಬರ್ತಾವೋ, ಅಂಟ್ಕೋತಾವೋ?

ಬೆಣ್ಣೆದೋಸೆ_ಫ್ರೀಮಾಂಟ್ · ಮುಂದಿನ ಬುಧವಾರ

ಮೊದಲನೇ ಸಲ ಪೂರ್ತಿ ಅಂಟ್ಕೊಂಡವು ಅಕ್ಕ. ಎರಡು ದಿನ ಎಣ್ಣೆ ಸವರಿ ಸವರಿ ಕಾಯಿಸಿದ್ರು, ಇವತ್ತು ಬೆಳಿಗ್ಗೆ ಎದ್ದವು. ಅಕ್ಕಿ-ಉದ್ದಿನ ಹಿಟ್ಟು, ಈರುಳ್ಳಿ, ಹಸಿಮೆಣಸಿನಕಾಯಿ, ನನ್ನ ಮಗಳ ಕ್ರೋಶ ಕಡ್ಡಿ. ಅಕ್ಕಿ ಹಿಟ್ಟು ಮೈದಾ ಥರ ಹರಿಯಲ್ಲ, ಹಾಗಾಗಿ ಪೂರ್ತಿ ದುಂಡಗೆ ಬರಲಿಲ್ಲ, ಒಂದು ಪಕ್ಕ ಬಾಯಿ ಬಿಟ್ಟವು. ಅಮ್ಮ ಅವನ್ನ ಸಾಲಾಗಿ ತಟ್ಟೇಲಿ ಜೋಡಿಸಿ, ಯಾವುದು ಎಷ್ಟು ಸುತ್ತಿಗೆ ಬಾಯಿ ಬಿಟ್ಟಿತು ಅಂತ ನೋಡ್ತಾ ಕೂತಿದ್ರು. ಸಂಜೆಗೆ ಹಿಟ್ಟು ಇನ್ನೊಂಚೂರು ತೆಳ್ಳಗೆ ಮಾಡ್ತಾರಂತೆ.

ಮುಂದಿನ ತಿಂಗಳು ವಾಪಸ್ ಹೋಗ್ತಾರೆ. ದಾವಣಗೆರೇಲಿ ಮೂರು ಪಡ್ಡಿನ ಹಂಚಿವೆ, ಇದನ್ನ ಇಲ್ಲೇ ಬಿಡಿ ಅಂದೆ. ತೂಕ ನೋಡೋಕೆ ಸೂಟ್‌ಕೇಸ್ ಆಗಲೇ ಹೊರಗೆ ಬಂದಿದೆ. ಅಪ್ಪನ ಎರಡು ಸ್ವೆಟರ್ ಮಂಚದ ಮೇಲಿವೆ.